ಯಜಮಾನನೂ ತಾಂಡೇಲನೂ ಒಬ್ಬನೇ ಆದಾಗ

ಅಕ್ಕನ ಮಗ ಊರಿಗೆ ಬಂದಿದ್ದ. ಊಟ ಮುಗಿಸಿ ಕೈ ಒರೆಸಿಕೊಂಡವನೇ ಫೋನಿನಲ್ಲಿ ಒಂದು ಫೋಟೋ ತೆರೆದು ನನ್ನೆದುರು ಹಿಡಿದ. ಬಿಳಿ ಬಣ್ಣದ, ಎರಡು ಸೀಟಿನ ಪುಟ್ಟ ವಿಮಾನ. "ಚಿಕ್ಕಮ್ಮ, ಇದನ್ನು ತೆಗೊಳ್ಳುವ ಅಂತ ಉಂಟು. ನೀವು ಎಂತ ಹೇಳ್ತೀರಿ?" ಎಂದ. ಮೈಸೂರಿಗೆ ಹೋಗಿ ಬಂದು ಮಾಡುತ್ತಾ, ಕೆಲಸದ ನಡುವೆ ರಜೆ ಹಾಕುತ್ತಾ, ಪ್ರೈವೇಟ್ ಪೈಲಟ್ ಲೈಸೆನ್ಸಿಗೆ ಬೇಕಾದ 40 ಗಂಟೆಗಳ ಹಾರಾಟವನ್ನು ಅವನು ಹೋದ ವರ್ಷವಷ್ಟೇ ಮುಗಿಸಿದ್ದಾನೆ. ವಿಮಾನದ ವಿವರವೆಲ್ಲ ಅವನಿಗೆ ಬಾಯಿಪಾಠ. 450 ಕಿಲೋ ಒಳಗಿನ ಮೈಕ್ರೋಲೈಟ್, 100 ಅಶ್ವಶಕ್ತಿಯ ರೋಟಾಕ್ಸ್ ಎಂಜಿನ್, ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಶೂಟ್. ಇರಿಸುವುದು ಬೆಂಗಳೂರು ಅಥವಾ ಮೈಸೂರಿನ ಕಡೆ. ವಾರದ ಕೊನೆಗೆ ಅದರಲ್ಲೇ ಘಟ್ಟ ಇಳಿದು ಊರಿಗೆ ಬರುವ ಕನಸು. ನಾನು "ಒಳ್ಳೆದುಂಟು ಮಗಾ" ಅಂದೆ, ಮತ್ತೇನೂ ಹೇಳಲಿಲ್ಲ. ಅವನ ಮುಖ ಸ್ವಲ್ಪ ಇಳಿಯಿತು. ಈ ಮನೆಯಲ್ಲಿ ವಿಮಾನದ ಹುಚ್ಚು ಅರ್ಥವಾಗುವ ಜನ ನಾನೊಬ್ಬಳೇ ಎಂದು ನಂಬಿ ಬಂದಿದ್ದ ಹುಡುಗ.

ಅವನು ಹೋಗಿ ಮೂರು ವಾರವಾಯಿತು. ನಾನು ಯಾಕೆ ಸುಮ್ಮನಾದೆ ಎಂಬುದು ಅಂದಿನಿಂದ ಕೊರೆಯುತ್ತಲೇ ಇದೆ. ಬೇಡ ಎನ್ನುವ ಮನಸ್ಸು ನನಗಿರಲಿಲ್ಲ. ಅಮೆರಿಕದಲ್ಲಿದ್ದಾಗ ಹತ್ತು ವರ್ಷ ನಾನೇ ಒಂದು ವಿಮಾನದ ಮೂರನೇ ಒಂದು ಪಾಲಿನ ಒಡತಿಯಾಗಿದ್ದೆ. ಅವನು ಕೇಳಿದ್ದು ಯಾವ ವಿಮಾನ, ಯಾವ ಎಂಜಿನ್, ಎಷ್ಟು ಖರ್ಚು ಎಂದು. ನನಗೆ ಹೇಳಬೇಕಿದ್ದದ್ದು ಇನ್ನೊಂದು. ಅದನ್ನು ಊಟದ ಮೇಜಿನ ಬಳಿ ನಿಂತು ಎರಡು ಮಾತಿನಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಜ್ಪೆಯ ಬೇಲಿ

ಮೊದಲು ಆಸೆಯ ಬಗ್ಗೆ ಹೇಳಬೇಕು, ಯಾಕೆಂದರೆ ಅದನ್ನು ಬಿಟ್ಟು ಬರೀ ಅಪಾಯದ ಮಾತಾಡುವವರನ್ನು ನಾನು ನಂಬುವುದಿಲ್ಲ. ನಾವು ಚಿಕ್ಕವರಿದ್ದಾಗ ಅಪ್ಪ ಭಾನುವಾರ ಸಂಜೆ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ಕರೆದುಕೊಂಡು ಹೋಗುತ್ತಿದ್ದರು. ಬಸ್ಸಿಳಿದು ಮುರಕಲ್ಲಿನ ದರೆಯ ಪಕ್ಕ ನಡೆದು ಬೇಲಿಯ ಹತ್ತಿರ ನಿಂತರೆ, ಆಗಿನ ಹಳೆಯ ರನ್‌ವೇಗೆ ಇಳಿಯುವ ಆವ್ರೋ ವಿಮಾನ ಕಾಣುತ್ತಿತ್ತು. 1,600 ಮೀಟರಿನಷ್ಟೇ ಉದ್ದದ ರನ್‌ವೇ, ಗುಡ್ಡದ ತಲೆ ಸವರಿ ಮಾಡಿದ್ದು, ಎರಡೂ ತುದಿಯಲ್ಲಿ ಕಣಿವೆ. 1951ರ ಕ್ರಿಸ್‌ಮಸ್ ದಿನ ನೆಹರು ಡಕೋಟಾದಲ್ಲಿ ಬಂದು ಇಳಿದ ಕಥೆಯನ್ನು ಅಪ್ಪ ಪ್ರತಿ ಸಲವೂ ಹೇಳುವರು, ನಾವು ಪ್ರತಿ ಸಲವೂ ಹೊಸತೆಂಬಂತೆ ಕೇಳುವೆವು. 1981ರ ಆಗಸ್ಟಿನ ಮಳೆಯಲ್ಲಿ ಒಂದು ಆವ್ರೋ ರನ್‌ವೇ ದಾಟಿ ಹೋಗಿ ನಿಂತಿತು. ಯಾರೂ ಸಾಯಲಿಲ್ಲ. ಮರುವಾರ ಅಪ್ಪ ನಮ್ಮನ್ನು ಕರೆದುಕೊಂಡು ಹೋಗಲಿಲ್ಲ, ಅದರ ಮರುವಾರ ಹೋದೆವು. ಭಯ ಹುಟ್ಟಿದ್ದೂ ಆಸೆ ಹುಟ್ಟಿದ್ದೂ ನನಗೆ ಒಂದೇ ಬೇಲಿಯ ಪಕ್ಕ. ಇವತ್ತಿಗೂ ಅವೆರಡನ್ನು ಬೇರೆ ಮಾಡಲಿಕ್ಕೆ ನನಗೆ ಬರುವುದಿಲ್ಲ.

2004ರ ಬೇಸಿಗೆಯಲ್ಲಿ ಕ್ಲೀವ್‌ಲ್ಯಾಂಡಿನಿಂದ ಅಮ್ಮನಿಗೆ ಫೋನು ಮಾಡಿ, ನಾನು ಹಾರಲಿಕ್ಕೆ ಕಲಿಯುತ್ತಿದ್ದೇನೆ ಎಂದಾಗ ಅವರು ಒಂದೇ ಪ್ರಶ್ನೆ ಕೇಳಿದರು: "ಸೌಂದರ್ಯ ಹೋದದ್ದು ಗೊತ್ತುಂಟಲ್ಲ?" ಗೊತ್ತಿತ್ತು. ಆ ವರ್ಷ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಎದ್ದ, ನಟಿ ಸೌಂದರ್ಯ ಇದ್ದ ಸೆಸ್ನಾ 180 ಕೆಲವೇ ಕ್ಷಣಗಳಲ್ಲಿ ಬಿದ್ದಿತ್ತು. ಸಣ್ಣ ವಿಮಾನ ಎಂದರೆ ನಮ್ಮ ಕನ್ನಡದ ಮನೆಗಳಲ್ಲಿ ಅಂದಿನಿಂದ ಆ ಹುಡುಗಿಯ ಮುಖ. ಅಮ್ಮನಿಗೆ ನಾನು ಯಾವ ಅಂಕಿಅಂಶವನ್ನೂ ಹೇಳಲಿಲ್ಲ. ಹೇಳಿದರೂ ಅದು ಉತ್ತರ ಆಗುತ್ತಿರಲಿಲ್ಲ.

ಆಮೇಲೆ 2006ರಲ್ಲಿ ಮೂರು ಜನ ಸೇರಿ ಒಂದು ಸೆಸ್ನಾ 172 ಕೊಂಡೆವು. 1974ರ ಮಾಡೆಲ್, 150 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್. ನನ್ನ ಜೊತೆ ಪಾಲಿಗಿದ್ದವರು ಒಬ್ಬ ದಂತವೈದ್ಯ, ಮತ್ತೊಬ್ಬರು ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿ ನಿವೃತ್ತರಾದ ಹಿರಿಯರು. ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ವಿಮಾನ ಇದೇ, 1955ರಲ್ಲಿ ಮೊದಲು ಹಾರಿದ ಈ 172. ಅದರಲ್ಲಿ ಕೂತು ಚಳಿಗಾಲದ ಬೆಳಿಗ್ಗೆ ಎದ್ದು ಹೋದಾಗ ಸಿಗುವ ಸಂತೋಷವನ್ನು ಏನೆಂದು ಹೇಳಲಿ. ತಂಪಾದ ದಟ್ಟ ಗಾಳಿ ರೆಕ್ಕೆಯನ್ನು ಅಂಗೈಯಲ್ಲಿ ಎತ್ತಿಕೊಂಡ ಹಾಗೆ ಎತ್ತುತ್ತದೆ. ಕೆಳಗೆ ಹಿಮ ಬಿದ್ದ ಹೊಲ, ಒಂದೊಂದು ಮನೆಯ ಹೊಗೆ ನೇರ ಮೇಲಕ್ಕೆ. ಇದು ಹಣವಂತರ ಆಟಿಕೆ ಎಂದು ನಮ್ಮಲ್ಲಿ ಹೇಳುತ್ತಾರೆ. ನಮ್ಮ ಆ ಹಿರಿಯರು ಹಳೆಯ ಕಾರಿನಲ್ಲೇ ಓಡಾಡುತ್ತಾ, ಇಪ್ಪತ್ತು ವರ್ಷ ಉಳಿಸಿ ತಮ್ಮ ಪಾಲು ಕೊಂಡಿದ್ದರು.

ಗೆರೆ ಓಲುಂಡು?

2008ರ ಜುಲೈಯಲ್ಲಿ ಅಮ್ಮ ಬಂದರು. ಎರಡು ತಿಂಗಳು ಇದ್ದರು. ಮೊದಲು ವಿಮಾನದ ಹತ್ತಿರವೂ ಬರಲಿಲ್ಲ. ಆಮೇಲೆ ವಿಮಾನ ಇಡುವ ಹ್ಯಾಂಗರಿಗೆ ಬಂದು ಕುರ್ಚಿ ಹಾಕಿ ಕೂತು ನಾವು ಎಣ್ಣೆ ಬದಲಾಯಿಸುವುದನ್ನು ನೋಡಿದರು. ರೆಕ್ಕೆಯ ಕೆಳಗಿನಿಂದ ಪುಟ್ಟ ಪ್ಲಾಸ್ಟಿಕ್ ಲೋಟಕ್ಕೆ ಇಂಧನ ಇಳಿಸಿ ಬೆಳಕಿಗೆ ಹಿಡಿದು ನೋಡುವುದನ್ನು ಕಂಡು "ಎಂತ ಅದು, ಔಷಧಿಯಾ?" ಎಂದು ಕೇಳಿದರು. ಏವಿಯೇಶನ್ ಪೆಟ್ರೋಲಿಗೆ ತಿಳಿನೀಲಿ ಬಣ್ಣ ಹಾಕಿರುತ್ತಾರೆ, ನೀರು ಸೇರಿದ್ದರೆ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂತಿರುತ್ತದೆ, ಲೋಟದ ತುಂಬ ನೀರೇ ಇದ್ದರೆ ಗುಳ್ಳೆಯೇ ಕಾಣದೆ ಮೋಸ ಹೋಗುತ್ತೇವೆ, ಅದಕ್ಕೇ ಬಿಳಿ ಬಣ್ಣಕ್ಕೆ ಹಿಡಿದು ನೀಲಿ ಉಂಟಾ ಎಂದು ನೋಡಬೇಕು ಎಂದು ವಿವರಿಸಿದೆ. ಮರುದಿನದಿಂದ ಬಿಳಿ ಕರವಸ್ತ್ರ ಹಿಡಿದು ನಿಲ್ಲುವುದು ಅವರ ಕೆಲಸವಾಯಿತು. ಹೊರಡುವ ವಾರ ಬಂದಾಗ ಅವರೇ ಹೇಳಿದರು, "ಒಮ್ಮೆ ಕರಕೊಂಡು ಹೋಗು." ಬರುವ ಮಂಗಳವಾರ ಅವರ ಟಿಕೆಟ್ ಇತ್ತು. ಶನಿವಾರ ಮಳೆ. ಭಾನುವಾರ ಉಳಿಯಿತು.

ಏರಿ ಸರೋವರದ ಒಳಗೆ ಪುಟ್-ಇನ್-ಬೇ ಎಂಬ ಊರಿರುವ ಸಣ್ಣ ದ್ವೀಪ ಇದೆ. ರನ್‌ವೇ ಉಂಟು, ಮತ್ತು 107 ಮೀಟರ್ ಎತ್ತರದ ಒಂದು ಕಲ್ಲಿನ ಸ್ಮಾರಕ ಸ್ತಂಭ, ಒಳ್ಳೆಯ ದಿನ ಬಹುದೂರದಿಂದ ಕಾಣುತ್ತದೆ. ದಡದಿಂದ ನೀರಿನ ಮೇಲೆ ಕೆಲವೇ ಕಿಲೋಮೀಟರ್. ಆ ದಿನ ಸೆಕೆ, ಗಾಳಿ ಇಲ್ಲ, ಮಬ್ಬು. ಹವಾಮಾನ ವರದಿ 5 ಮೈಲಿ ಕಾಣುತ್ತದೆ ಎಂದಿತು. ಕಣ್ಣಿಗೆ ಕಾಣುವುದನ್ನು ನಂಬಿ ಹಾರುವವರಿಗೆ ಕಾನೂನು ಕೇಳುವುದು 3 ಮೈಲಿ. ಅಂದರೆ ಕಾನೂನು ನನ್ನ ಕಡೆ ಇತ್ತು. ಎಂಜಿನ್ ನಿಂತರೂ 2,500 ಅಡಿಯಿಂದ ಸುಮಾರು ಏಳು ಕಿಲೋಮೀಟರ್ ತೇಲಿ ಹೋಗಬಹುದು, ದಡ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು. ಸಂಜೆ ನಾಲ್ಕಕ್ಕೆ ಎದ್ದೆವು. ಅಮ್ಮ ಸೀರೆಯ ಮೇಲೆ ನನ್ನ ಸ್ವೆಟರ್ ಹಾಕಿಕೊಂಡು, ಕಿವಿಗೆ ಹೆಡ್‌ಸೆಟ್ ಏರಿಸಿ, ಮಡಿಲಲ್ಲಿ ನೀರುದೋಸೆಯ ಡಬ್ಬಿ ಹಿಡಿದು ಬಲಗಡೆ ಕೂತಿದ್ದರು. ದಡದ ಉದ್ದಕ್ಕೂ ಎಲ್ಲ ಚೆನ್ನಾಗಿತ್ತು. ಕೆಳಗೆ ಹೊಲ, ರಸ್ತೆ, ದೋಣಿ. ಮಾರ್ಬಲ್‌ಹೆಡ್‌ನ ದೀಪಸ್ತಂಭ ದಾಟಿ ನೀರಿನ ಮೇಲೆ ಹೋದೆ.

ಎದುರು ಸೂರ್ಯ. ಮಬ್ಬಿನ ಒಳಗಿನಿಂದ ಬರುವ ಬೆಳಕು ಹಾಲಿನ ಹಾಗಿತ್ತು. ನೀರೂ ಅದೇ ಬಣ್ಣ, ಆಕಾಶವೂ ಅದೇ ಬಣ್ಣ. ಸ್ತಂಭ ಕಾಣಬೇಕಿತ್ತು, ಕಾಣಲಿಲ್ಲ. ಇನ್ನೊಂದು ನಿಮಿಷದಲ್ಲಿ ಕಾಣುತ್ತದೆ ಎಂದುಕೊಂಡೆ. ಈ ಮಾತನ್ನು ನೆನಪಿಡು ಎಂದು ಅಕ್ಕನ ಮಗನಿಗೆ ಹೇಳಬೇಕು, ಯಾಕೆಂದರೆ ಅದು ಯೋಚನೆಯ ರೂಪದಲ್ಲಿ ಬರುವುದಿಲ್ಲ, ಬರೀ ತಾಳ್ಮೆಯ ರೂಪದಲ್ಲಿ ಬರುತ್ತದೆ. ಆಗ ಅಮ್ಮ ತುಳುವಿನಲ್ಲಿ ಮೆಲ್ಲಗೆ ಕೇಳಿದರು, "ಗೆರೆ ಓಲುಂಡು ಮಗಾ?" ಗೆರೆ ಎಲ್ಲಿ? ಕಡಲು ಮತ್ತು ಆಕಾಶ ಕೂಡುವ ಗೆರೆ. ಮಲ್ಪೆಯಲ್ಲಿ ಹುಟ್ಟಿದವರು, ಬೆಳಿಗ್ಗೆ ಎದ್ದು ಮೊದಲು ನೋಡುವುದೇ ಅದನ್ನು. ನಾನು ಉತ್ತರ ಕೊಡಲಿಕ್ಕೆಂದು ಮುಂದೆ ನೋಡಿದೆ, ಗೆರೆ ಇರಲಿಲ್ಲ. ಮೀಟರುಗಳನ್ನು ನೋಡಿದೆ. ಎಡರೆಕ್ಕೆ ಹತ್ತು ಡಿಗ್ರಿಗೂ ಹೆಚ್ಚು ಕೆಳಗಿತ್ತು, ದಿಕ್ಕು ಇಪ್ಪತ್ತು ಡಿಗ್ರಿ ಬದಲಾಗಿತ್ತು. ನನ್ನ ಮೈಗೆ ಮಾತ್ರ ನಾನು ನೆಟ್ಟಗೆ, ಸಮತಟ್ಟಾಗಿ ಹೋಗುತ್ತಿದ್ದೇನೆ ಎಂದೇ ಅನಿಸುತ್ತಿತ್ತು.

ಬಾಲ್ಯದಲ್ಲಿ ದೇವಸ್ಥಾನದ ಕಂಬ ಹಿಡಿದು ಸುತ್ತಿ ನಿಂತಾಗ ಅಂಗಳ ತಿರುಗುತ್ತದಲ್ಲ, ಅದರ ತಿರುಗುಮುರುಗು ಇದು. ಒಳಕಿವಿಯ ಕೊಳವೆಗಳಲ್ಲಿರುವ ದ್ರವ ತಿರುಗುವಿಕೆಯ ಆರಂಭ, ನಿಲುಗಡೆಗಳನ್ನಷ್ಟೇ ಹೇಳುತ್ತದೆ. ತಿರುಗುವುದು ನಿಧಾನವಾಗಿ ಶುರುವಾದರೆ ಅದನ್ನೂ ಹೇಳುವುದಿಲ್ಲ, ಒಂದೇ ಸಮನೆ ತಿರುಗುತ್ತಾ ಹೋದರೆ ಅರ್ಧ ನಿಮಿಷದೊಳಗೆ ಸುಮ್ಮನಾಗುತ್ತದೆ. ಕಣ್ಣಿಗೆ ಗೆರೆ ಇರುವಾಗ ಕಿವಿಯ ಸುಳ್ಳು ನಮಗೆ ಗೊತ್ತೇ ಆಗುವುದಿಲ್ಲ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಮೀಟರ್ ನೋಡಿ ಹಾರುವ ತರಬೇತಿ ಇಲ್ಲದ 20 ಜನರನ್ನು ಇಂಥ ಸ್ಥಿತಿಗೆ ಒಡ್ಡಿ ಪರೀಕ್ಷಿಸಿದರು. ಇಪ್ಪತ್ತಕ್ಕೆ ಇಪ್ಪತ್ತೂ ಜನ ನಿಯಂತ್ರಣ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷ ತುಂಬಲಿಲ್ಲ. 1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಕೆನಡಿ ಜೂನಿಯರ್ ಹೆಂಡತಿ ಮತ್ತು ಹೆಂಡತಿಯ ಅಕ್ಕನೊಂದಿಗೆ ಅಟ್ಲಾಂಟಿಕ್‌ನ ಮಬ್ಬಿನಲ್ಲಿ ಬಿದ್ದದ್ದೂ ಹೀಗೆಯೇ. ಅಲ್ಲಿಯೂ ಕಾನೂನು ಅವರ ಕಡೆಗೇ ಇತ್ತು. ಇದೆಲ್ಲ ನಾನು ಪರೀಕ್ಷೆಗೆ ಓದಿ ಬರೆದ ವಿಷಯ. ಓದಿದ್ದು ಆ ಕ್ಷಣ ಎಲ್ಲಿಗೆ ಹೋಗಿತ್ತೋ.

ಅಮ್ಮ ಇನ್ನೊಂದೇ ಮಾತು ಹೇಳಿದರು, "ಬಲೆ, ಪಿರ ಪೋಯಿ." ಬಾ, ಹಿಂದೆ ಹೋಗುವ. ಗದರಲಿಲ್ಲ, ಹೆದರಿದ್ದೂ ಇಲ್ಲ. ಪೇಟೆಗೆ ಹೋಗುವಾಗ ಕೊಡೆ ಮರೆತದ್ದು ನೆನಪಾಗಿ ಹೇಳುವ ಹಾಗೆ ಹೇಳಿದರು. ನಾನು ಹೊರಗೆ ನೋಡುವುದನ್ನು ನಿಲ್ಲಿಸಿದೆ. ಟರ್ನ್ ಕೋಆರ್ಡಿನೇಟರ್ ಎಂಬ ಮೀಟರಿನಲ್ಲಿ ಪುಟ್ಟ ವಿಮಾನದ ಚಿತ್ರವಿರುತ್ತದೆ, ಅದರ ರೆಕ್ಕೆಯನ್ನು ಒಂದು ಗುರುತಿಗೆ ತಾಗಿಸಿ ಹಿಡಿದರೆ ಎರಡು ನಿಮಿಷಕ್ಕೆ ಒಂದು ಪೂರ್ತಿ ಸುತ್ತು, ಒಂದು ನಿಮಿಷಕ್ಕೆ ಅರ್ಧ. ಅರ್ಧ ಸುತ್ತು ಸಾಕು, ಬಂದ ದಾರಿ. ಅರವತ್ತು ಸೆಕೆಂಡ್. ಅಷ್ಟು ಹೊತ್ತೂ ನನ್ನ ಇಡೀ ಮೈ, ನೀನು ಬಲಕ್ಕೆ ಬೀಳುತ್ತಿದ್ದೀ, ಸರಿಮಾಡು, ಸರಿಮಾಡು ಎಂದು ಕೂಗುತ್ತಿತ್ತು. ನಾನು ಆ ಬಿಳಿ ರೆಕ್ಕೆಯ ಚಿತ್ರವನ್ನು ನೋಡುತ್ತಾ, ಎತ್ತರ ನೋಡುತ್ತಾ, ಗಟ್ಟಿಯಾಗಿ ಎಣಿಸಿದೆ. ಐವತ್ತರ ಹತ್ತಿರ ಬರುವಾಗ ಅಮ್ಮ "ಅಗೋ ದಡ" ಅಂದರು. ಸೂರ್ಯ ಬೆನ್ನ ಹಿಂದೆ ಹೋದದ್ದೇ ತಡ, ದೀಪಸ್ತಂಭ, ಮರ, ಮನೆ ಎಲ್ಲ ಅಲ್ಲೇ ಇದ್ದವು, ಏನೂ ಆಗಿಯೇ ಇಲ್ಲ ಎಂಬ ಹಾಗೆ.

ಬೋಟಿನ ಸಾಲ

ಹ್ಯಾಂಗರಿನ ನೆರಳಲ್ಲಿ ಕೂತು ನೀರುದೋಸೆ ತಿಂದೆವು. ನನ್ನ ಕೈ ನಡುಗುತ್ತಿತ್ತು, ಅಮ್ಮ ನೋಡಿದರೂ ನೋಡದವರ ಹಾಗಿದ್ದರು. ಆಮೇಲೆ ಅಜ್ಜನ ಕಥೆ ತೆಗೆದರು. ಅಜ್ಜ ಮಲ್ಪೆಯಲ್ಲಿ ಬೇರೆಯವರ ಮೀನುಗಾರಿಕೆ ಬೋಟಿಗೆ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವವರು. ಮಳೆಗಾಲದ ರಜೆ ಮುಗಿದು ಬೋಟು ಮೊದಲ ಸಲ ಇಳಿಯುವ ದಿನ. ಐಸ್ ತುಂಬಿಸಿ ಆಗಿದೆ, ಡೀಸೆಲ್ ಹಾಕಿ ಆಗಿದೆ, ಬೋಟಿನಲ್ಲಿ ದುಡಿಯುವ ಕಲಾಸಿಗಳು ಬಂದಿದ್ದಾರೆ, ಸಮುದ್ರಪೂಜೆಯ ಪ್ರಸಾದವೂ ಬಂದಿದೆ. ಅಳಿವೆಯ ಬಾಯಿಯಲ್ಲಿ ನೀರು ಏಳುವ ರೀತಿ ಅಜ್ಜನಿಗೆ ಸರಿ ಕಾಣಲಿಲ್ಲ. ಇವತ್ತು ಬೇಡ ಅಂದರು. ಯಜಮಾನರು ದಕ್ಕೆಯಲ್ಲೇ ಕೂಗಾಡಿದರು. ಐಸಿಗೆ ಕೊಟ್ಟ ದುಡ್ಡು ಕರಗಿ ಹೋಗುತ್ತದೆ, ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ, ಪಕ್ಕದ ಬೋಟು ಹೋಗಿಯಾಯಿತು. ಅಜ್ಜ ಬೀಡಿ ಹಚ್ಚಿಕೊಂಡು ಅಲ್ಲೇ ಕೂತರಂತೆ. ಬೋಟು ಹೋಗಲಿಲ್ಲ. ಪಕ್ಕದ ಬೋಟು ಹೋಗಿ ಕ್ಷೇಮವಾಗಿ ಬಂತು, ಒಳ್ಳೆಯ ಮೀನೂ ತಂತು. ಯಜಮಾನರು ಒಂದು ತಿಂಗಳು ಅಜ್ಜನ ಹತ್ತಿರ ಮಾತಾಡಲಿಲ್ಲ.

ಈ ಕಥೆ ನಾನು ಮೊದಲೂ ಕೇಳಿದ್ದೆ. ಆ ದಿನ ಅಮ್ಮ ಕೊನೆಗೆ ಒಂದು ಮಾತು ಸೇರಿಸಿದರು: "ಅಜ್ಜನ ತಲೆಮೇಲೆ ಬೋಟಿನ ಸಾಲ ಇರಲಿಲ್ಲ. ಅದಕ್ಕೇ ಬೇಡ ಹೇಳ್ಲಿಕ್ಕೆ ಆಯ್ತು. ನಿನ್ನದು ಬೋಟೂ ನಿನ್ನದೇ, ಚುಕ್ಕಾಣಿಯೂ ನಿನ್ನದೇ."

ಸ್ವಂತ ವಿಮಾನದ ಬಗ್ಗೆ ಹದಿನೆಂಟು ವರ್ಷಗಳಿಂದ ನಾನು ಓದಿದ, ಕೇಳಿದ ಮಾತುಗಳಲ್ಲಿ ಇದಕ್ಕಿಂತ ಆಳದ್ದು ಯಾವುದೂ ಇಲ್ಲ. ಬಂದರಿನಲ್ಲಿ ಯಜಮಾನ ಬೇರೆ, ತಾಂಡೇಲ ಬೇರೆ. ಒಬ್ಬನಿಗೆ ಬಡ್ಡಿಯ ಚಿಂತೆ, ಇನ್ನೊಬ್ಬನಿಗೆ ಅಳಿವೆಯ ಚಿಂತೆ. ಜಗಳ ಆಗುತ್ತದೆ, ಆಗಲೇಬೇಕು, ಆ ಜಗಳದಲ್ಲೇ ಕಲಾಸಿಗಳ ಜೀವ ಉಳಿಯುತ್ತದೆ. ದೊಡ್ಡ ವಿಮಾನ ಕಂಪನಿಯಲ್ಲೂ ಹಾಗೆ: ಟಿಕೆಟ್ ಮಾರುವವರು ಒಬ್ಬರು, ಎಂಜಿನ್ ನೋಡಿ ಸಹಿ ಹಾಕುವವರು ಒಬ್ಬರು, ಹಾರಿಸುವವರು ಇಬ್ಬರು. ಸಣ್ಣ ವಿಮಾನ ಕೊಂಡವನ ಒಳಗೆ ಇವರೆಲ್ಲ ಒಂದೇ ಅಂಗಿ ಹಾಕಿಕೊಂಡು ಕೂತಿರುತ್ತಾರೆ. ಹ್ಯಾಂಗರ್ ಬಾಡಿಗೆ ಕೊಟ್ಟವನೂ ಅವನೇ, ಮಬ್ಬನ್ನು ನೋಡುವವನೂ ಅವನೇ. ಅಮ್ಮನಿಗೆ ಮಾತು ಕೊಟ್ಟ ಮಗಳು ನಾನೇ, ಅಮ್ಮನನ್ನು ಇಳಿಸಬೇಕಾದ ಪೈಲಟ್ ನಾನೇ. ಮಗಳು ಪೈಲಟನ್ನು ಗೆದ್ದಿದ್ದಳು, ಜಗಳವೇ ಆಡದೆ.

ನಾನು ನಡೆದದ್ದನ್ನು ಪಾಲುದಾರರಿಗೆ ಹೇಳಿದೆ. ಹೇಳದೆ ಇರಬಹುದಿತ್ತು, ವಿಮಾನಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ದಂತವೈದ್ಯ ಮೌನವಾಗಿ ಕೇಳಿ, ತನಗೂ ಒಮ್ಮೆ ಹಾಗಾಗಿತ್ತು ಎಂದ. ಎರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲವಂತೆ. ಹಿರಿಯರು ನಮ್ಮ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಒಂದು ನಿಯಮ ಬರೆದರು. ಊರು ಬಿಟ್ಟು ಹಾರುವ ಮೊದಲು ಉಳಿದ ಇಬ್ಬರಲ್ಲಿ ಒಬ್ಬರಿಗೆ ಫೋನು ಮಾಡಬೇಕು. ಎಲ್ಲಿಗೆ, ಯಾರ ಜೊತೆ, ಹವಾಮಾನ ಹೇಗಿದೆ, ನಿನ್ನೆ ಎಷ್ಟು ನಿದ್ದೆ ಮಾಡಿದೆ, ಇಷ್ಟನ್ನು ಬಾಯಿಬಿಟ್ಟು ಹೇಳಬೇಕು. ಒಪ್ಪಿಗೆ ಕೇಳುವುದು ಬೇಡ, ಆಚೆಯವರು ಬುದ್ಧಿ ಹೇಳುವುದೂ ಬೇಡ. ನಮ್ಮ ಮಾತನ್ನು ನಾವೇ ಕೇಳಿಸಿಕೊಂಡರೆ ಸಾಕು. ಮುಂದಿನ ಎಂಟು ವರ್ಷದಲ್ಲಿ ನಾನೇ ಫೋನಿನಲ್ಲಿ ಮಾತಾಡುತ್ತಾ ಮಾತಾಡುತ್ತಾ, ನಡುವೆ ನಿಲ್ಲಿಸಿ, ಇವತ್ತು ಹೋಗುವುದಿಲ್ಲ ಎಂದು ಹೇಳಿ ಇಟ್ಟದ್ದು ಹನ್ನೊಂದು ಸಲ. ಲಾಗ್‌ಬುಕ್ಕಿನಲ್ಲಿ ಹಾರಿದ್ದಕ್ಕೆ ಮಾತ್ರ ಜಾಗ ಇರುತ್ತದೆ. ಹಾರದೆ ಉಳಿದ ಆ ಹನ್ನೊಂದು ದಿನಗಳನ್ನು ನಾನು ಹಿಂದಿನ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ.

ಎರಡನೆಯ ದನಿ ಇದ್ದರೆ ಸಾಕೇ? ಅದೂ ಅಲ್ಲ. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. 2010ರ ಮೇ 22ರ ಬೆಳಿಗ್ಗೆ ಇಲ್ಲಿ ಗಂಟೆ ಆರು, ನನಗಲ್ಲಿ ಹಿಂದಿನ ರಾತ್ರಿ. ಅಕ್ಕ ಫೋನು ಮಾಡಿ, "ಕೆಂಜಾರಿನಲ್ಲಿ ದುಬೈ ವಿಮಾನ ಬಿತ್ತಂತೆ" ಎಂದಳು, ಮುಂದೆ ಮಾತೇ ಹೊರಡಲಿಲ್ಲ. 158 ಜನ. ಬದುಕಿದವರು ಎಂಟು. ಆಮೇಲೆ ತನಿಖಾ ವರದಿ ಬಂದಾಗ ನಾನು ಅದನ್ನು ಒಂದು ವಾರ ಕೂತು ಓದಿದೆ. ಯಂತ್ರದ ಎಚ್ಚರಿಕೆಗಳು ಒಂದರ ಮೇಲೊಂದು ಬಂದಿದ್ದವು. ಕ್ಯಾಪ್ಟನ್ನಿನ ಪಕ್ಕದಲ್ಲಿದ್ದ ಸಹಪೈಲಟ್ ಇಳಿಯುವುದು ಬೇಡ, ಮೇಲೇರುವ ಎಂದು ಮೂರು ಸಲ ಹೇಳಿದ್ದರು. ಬೇಡ ಎನ್ನುವ ದನಿ ಇತ್ತು, ಸರಿಯಾದ ಹೊತ್ತಿಗೇ ಇತ್ತು. ಅದನ್ನು ಕೇಳುವ ಕಿವಿಯೂ ಬೇಕು. ಬಾಲ್ಯದಲ್ಲಿ ನಾನು ನಿಂತಿದ್ದ ಬೇಲಿಯಿಂದ ಆ ಕಣಿವೆ ದೂರವಿಲ್ಲ. ಊರಿಗೆ ವಾಪಸು ಬಂದ ಮೇಲೆ ಕೂಳೂರಿನ ಹತ್ತಿರ ಫಲ್ಗುಣಿ ದಡದ ಸ್ಮಾರಕಕ್ಕೆ ಹೋಗಿದ್ದೆ. ಹೆಚ್ಚು ಹೊತ್ತು ನಿಲ್ಲಲಿಕ್ಕೆ ಆಗಲಿಲ್ಲ.

ಅಕ್ಕನ ಮಗನ ವಿಮಾನ

ಈಗ ಅವನ ಫೋಟೋಗೆ ಬರುತ್ತೇನೆ. "ಪ್ಯಾರಾಶೂಟ್ ಉಂಟಲ್ಲ ಚಿಕ್ಕಮ್ಮ" ಎಂದ. ಒಳ್ಳೆಯದೇ. ಹಿಡಿ ಎಳೆದರೆ ಸಣ್ಣ ರಾಕೆಟ್ ಸಿಡಿದು ಕೊಡೆಯನ್ನು ಹೊರಗೆ ಎಳೆಯುತ್ತದೆ, ಇಡೀ ವಿಮಾನ ಅದಕ್ಕೆ ಜೋತುಬಿದ್ದು ಇಳಿಯುತ್ತದೆ. ಎಷ್ಟೋ ಜನ ಅದರಿಂದ ಬದುಕಿದ್ದಾರೆ. ಆದರೆ ಈ ಕೊಡೆಯನ್ನು ಎಲ್ಲ ವಿಮಾನಗಳಲ್ಲೂ ಕೊಟ್ಟ ಸಿರಸ್ ಕಂಪನಿಯ ಅನುಭವ ನೋಡಬೇಕು. ಮೊದಲ ಕೆಲವು ವರ್ಷ ಜನ ಕೊಡೆ ಎಳೆಯದೆಯೇ ಸತ್ತರು. ಬೇಗ ಎಳೆಯಿರಿ, ನಾಚಿಕೆ ಬೇಡ ಎಂದು ಮಾಲೀಕರೂ ಕಂಪನಿಯೂ ಸೇರಿ ತರಬೇತಿಯನ್ನೇ ಬದಲಾಯಿಸಿದ ಮೇಲೆ ಸಾವು ಇಳಿಯಿತು. ಹಿಡಿ ಮೊದಲೂ ಅಲ್ಲೇ ಇತ್ತು. ಅದನ್ನು ಎಳೆಯುವುದೆಂದರೆ ವಿಮಾನ ಹಾಳಾಯಿತು ಎಂದು ಯಜಮಾನ ಒಪ್ಪಬೇಕು. ಮತ್ತೆ ಅದೇ ಬೋಟಿನ ಸಾಲದ ಮಾತು.

ಪೆಟ್ರೋಲಿನ ವಿಷಯ ಅವನು ಯೋಚಿಸಿರಲಿಲ್ಲ. ರೋಟಾಕ್ಸ್ 912 ಕಾರಿನ ಪೆಟ್ರೋಲಿನಲ್ಲೂ ಓಡುತ್ತದೆ, ಅದೇ ಅದರ ಆಕರ್ಷಣೆ. ಆದರೆ ತಯಾರಕರು ಒಪ್ಪಿರುವುದು ನೂರಕ್ಕೆ 10ರವರೆಗಿನ ಎಥನಾಲ್. ನಮ್ಮ ಬಂಕುಗಳಲ್ಲಿ ಈಗ ಬರುವುದು 20. ಎಥನಾಲ್ ಗಾಳಿಯ ಪಸೆಯನ್ನು ಕುಡಿಯುತ್ತದೆ, ಕುಡಿದದ್ದು ಹೆಚ್ಚಾದರೆ ತಂಪಿನಲ್ಲಿ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಎಂಜಿನ್ನಿಗೆ ಹೋಗುವ ಕೊಳವೆ ಇರುವುದೂ ತಳದಲ್ಲೇ. ಜೂನ್ ತಿಂಗಳಲ್ಲಿ ಉಪ್ಪಿನ ಡಬ್ಬಿಯೇ ನೀರಾಗುವ ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ. ನಿಲ್ಲಿಸಿಟ್ಟರೆ ಲೋಹದ ಕಥೆಯೂ ಅಷ್ಟೇ. ನಮ್ಮ ಮನೆಯ ಗೇಟಿಗೆ ಎರಡು ವರ್ಷಕ್ಕೊಮ್ಮೆ ಬಣ್ಣ ಹೊಡೆಯುತ್ತೇವೆ, ಆದರೂ ಕೆಳಗಿನ ಸರಳು ತುಕ್ಕು ಹಿಡಿದು ಉದುರುತ್ತದೆ. ನಮ್ಮ ಲೈಕಮಿಂಗ್ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಎಂಬ ಉಕ್ಕಿನ ದಂಡ ಮೇಲ್ಗಡೆ ಇರುತ್ತದೆ. ವಾರಗಟ್ಟಲೆ ಓಡಿಸದಿದ್ದರೆ ಎಣ್ಣೆ ಇಳಿದುಹೋಗಿ ಅದಕ್ಕೆ ತುಕ್ಕು ಹತ್ತುತ್ತದೆ. ಹೊರಗಿನಿಂದ ಕಾಣುವುದಿಲ್ಲ. 2,000 ಗಂಟೆ ಬಾಳಬೇಕಾದ ಎಂಜಿನ್, ಯಜಮಾನ ಅದನ್ನು ಜೋಪಾನ ಮಾಡಿ ಮುಚ್ಚಿಟ್ಟದ್ದರಿಂದಲೇ ಕೆಡುತ್ತದೆ. ಪೈಲಟಿಗೂ ತುಕ್ಕು ಹಿಡಿಯುತ್ತದೆ. ಎರಡು ತಿಂಗಳು ಹಾರದೆ ಇಳಿಸಲಿಕ್ಕೆ ಹೋದರೆ ಕೈಗೆ ಮೊದಲಿನ ಹದ ಇರುವುದಿಲ್ಲ, ತಲೆಗೆ ಮಾತ್ರ ಇದೆ ಎಂದೇ ಅನಿಸುತ್ತಿರುತ್ತದೆ. ಇದು ಮೂವರು ಪಾಲುದಾರರು ಇರುವುದಕ್ಕೆ ಇನ್ನೊಂದು ಕಾರಣ, ವಿಮಾನವಾದರೂ ವಾರವಾರ ಹಾರುತ್ತದೆ.

ಇವೆಲ್ಲಕ್ಕಿಂತ ನನಗೆ ಹೆದರಿಕೆ ಆ "ವಾರದ ಕೊನೆಗೆ ಊರಿಗೆ ಬರುವುದು" ಎಂಬ ಮಾತಿನದ್ದು. ನಡುವೆ ಘಟ್ಟ ಉಂಟು. ಕುದುರೆಮುಖ 1,890 ಮೀಟರಿಗೂ ಎತ್ತರ. ಕಡಲಿನಿಂದ ಬರುವ ಪಸೆಗಾಳಿ ಗುಡ್ಡ ಹತ್ತುತ್ತಾ ಮೋಡವಾಗುತ್ತದೆ, ಮೂಡುಗಡೆ ಬಿಸಿಲಿದ್ದರೂ ಚಾರ್ಮಾಡಿಯ ಈಚೆ ಹತ್ತಿ ತುಂಬಿದ ಹಾಗೆ ಇರಬಹುದು. ಬಸ್ಸಿನಲ್ಲಿ ಶಿರಾಡಿ ಇಳಿದವರಿಗೆಲ್ಲ ಆ ಮಂಜು ಗೊತ್ತು. ಬಸ್ಸು ನಿಧಾನ ಮಾಡಬಹುದು, ನಿಲ್ಲಿಸಬಹುದು. ಶುಕ್ರವಾರ ಸಂಜೆ, ಶನಿವಾರ ಊರಲ್ಲಿ ಮದುವೆ, ಸೋಮವಾರ ಆಫೀಸು: ಇಷ್ಟಿದ್ದರೆ ಯಜಮಾನ ತಾಂಡೇಲನ ಬಾಯಿ ಮುಚ್ಚಿಸಲಿಕ್ಕೆ ಸಾಕು. ಬರಲೇಬೇಕಾದ ದಿನ ಬಸ್ಸಿಗೆ ಬಾ, ಬರಬೇಕಾಗಿಲ್ಲದ ದಿನ ಹಾರು ಎಂದು ಅವನಿಗೆ ಹೇಳಬೇಕೆಂದಿದ್ದೇನೆ. ಮತ್ತೆ, ಮೀಟರ್ ನೋಡಿಯೇ ಹಾರುವುದನ್ನು ಕಲಿ. ವಿಮಾನಕ್ಕೆ ಹಾಕುವ ದುಡ್ಡಿನಲ್ಲಿ ಒಂದು ಭಾಗವನ್ನು ಮೊದಲು ಅದಕ್ಕೆ ಹಾಕು. ನಾನು ಆ ಭಾನುವಾರದ ನಂತರ ಒಂದೂವರೆ ವರ್ಷ ಮಾಡಿದ್ದು ಅದನ್ನೇ.

ಇಷ್ಟು ಬರೆದು ಮುಗಿಸುವ ಹೊತ್ತಿಗೆ, ಮೊನ್ನೆ ಅವನದೇ ಫೋನು ಬಂತು. ಒಬ್ಬನೇ ಕೊಳ್ಳುವುದನ್ನು ಬಿಟ್ಟಿದ್ದಾನಂತೆ. ಜೊತೆಗೆ ಕಲಿತ ಉಡುಪಿಯ ಹುಡುಗನೊಬ್ಬ ಪಾಲಿಗೆ ಒಪ್ಪಿದ್ದಾನೆ, ಮೂರನೆಯವರು ಬೇಕು. "ನೀವು ಸೇರ್ತೀರಾ ಚಿಕ್ಕಮ್ಮ? ನಿಮ್ಮ ಲೈಸೆನ್ಸ್ ಇಲ್ಲಿಗೆ ಬದಲಾಯಿಸ್ಲಿಕ್ಕೆ ಆಗ್ತದಲ್ಲ?" ಆಗುತ್ತದೆ. ಪರೀಕ್ಷೆ ಬರೆಯಬೇಕು, ಮೆಡಿಕಲ್ ಆಗಬೇಕು, ಈ ವಯಸ್ಸಿಗೆ ಬಿಪಿ ಏನು ಹೇಳುತ್ತದೋ ನೋಡಬೇಕು. ಯೋಚಿಸಿ ಹೇಳ್ತೇನೆ ಅಂದೆ. ಚಾವಡಿಯಲ್ಲಿ ಬಸಳೆ ಬಿಡಿಸುತ್ತಾ ಕೂತಿದ್ದ ಅಮ್ಮ ಎಲ್ಲ ಕೇಳಿಸಿಕೊಂಡಿದ್ದರು. ಅವರಿಗೀಗ ಎಂಬತ್ತೊಂದು. ಕೈ ಚಾಚಿ ಫೋನು ತೆಗೆದುಕೊಂಡು, "ಮೂರನೆಯವರು ಹೌದು ಮಗಾ, ಫೋನು ಮಾಡುವಾಗ ನನಗೆ ಮಾಡು. ಇವಳು ನೀನು ಕೇಳಿದ್ದಕ್ಕೆಲ್ಲ ಹೂಂ ಹೇಳ್ತಾಳೆ" ಎಂದು ಹೇಳಿ, ನಂಬರು ಬರೆದುಕೊಳ್ಳಲು ಅವನಿಗೆ ಸಮಯ ಕೊಟ್ಟು, ನಿಧಾನವಾಗಿ ಒಂದೊಂದೇ ಅಂಕಿ ಓದತೊಡಗಿದರು.